ಕೆಸರು ಕಾಪಾಡಿದ ದೊಣ್ಣೆ

ಆಯುಧಗಳ ಚರಿತ್ರೆಯಲ್ಲಿ ದೊಣ್ಣೆಗೆ ಪಂಕ್ತಿಯ ಕೊನೆಯ ಎಲೆ. ಕತ್ತಿಗೆ ಹೆಸರುಂಟು, ಬಿಲ್ಲಿಗೆ ಕಥೆಯುಂಟು. ಗದೆಗೂ ಭೀಮನ ಕೈಸೇರಿದ ಮೇಲೆಯೇ ಮರ್ಯಾದೆ. ಬರಿಯ ಮರದ ದೊಣ್ಣೆಯನ್ನು ಮಾತ್ರ ಕಾಡುಮನುಷ್ಯನ ಕೈಗೆ ಕೊಟ್ಟು, ಲೋಹ ಬಂದೊಡನೆ ಅವನದನ್ನು ಬಿಸುಟನೆಂದು ತಿಳಿಯುವುದು ವಾಡಿಕೆ. 1997ರ ‘ಏಜ್ ಆಫ್ ಎಂಪೈರ್ಸ್’ ಎಂಬ ವಿಡಿಯೋ ಆಟದಲ್ಲಿಯೂ ದೊಣ್ಣೆಯವನದು ಮೊದಲ ಮೆಟ್ಟಿಲು. ಮುಂದಿನ ಯುಗದಲ್ಲಿ ಅವನ ಕೈಗೆ ಕೊಡಲಿ ಬರುತ್ತದೆ.

ತಪ್ಪು ನಮ್ಮದಷ್ಟೇ ಅಲ್ಲ, ಮಣ್ಣಿನದೂ ಹೌದು. ಕಲ್ಲು ಉಳಿಯುತ್ತದೆ, ಕಂಚು ಉಳಿಯುತ್ತದೆ, ಮರ ಕೊಳೆತುಹೋಗುತ್ತದೆ. ಉಳಿದುದನ್ನು ಕಂಡು ನಾವು ಯುಗಗಳಿಗೆ ಹೆಸರಿಟ್ಟೆವು.

ಕೆಸರು ಮಾತ್ರ ಒಮ್ಮೊಮ್ಮೆ ಮರವನ್ನು ಕಾಪಾಡುತ್ತದೆ. ಉತ್ತರ ಜರ್ಮನಿಯಲ್ಲಿ ಟೊಲೆನ್ಸೆ ಎಂಬುದೊಂದು ಚಿಕ್ಕ ನದಿ. 1996ರಲ್ಲಿ ಅದರ ದಂಡೆಯಲ್ಲಿ ಹವ್ಯಾಸಿ ಶೋಧಕರೊಬ್ಬರಿಗೆ ತೋಳಿನ ಎಲುಬೊಂದು ದೊರೆಯಿತು. ಅದರಲ್ಲಿ ಕಲ್ಲಿನ ಬಾಣದ ಮೊನೆ ನಾಟಿಕೊಂಡೇ ಇತ್ತು. ಅಲ್ಲಿಯೇ 73 ಸೆಂಟಿಮೀಟರ್ ಉದ್ದದ ದೊಣ್ಣೆಯೊಂದು ಸಿಕ್ಕಿತು, ಬೇಸ್‌ಬಾಲ್ ದಾಂಡಿನಂಥದು. ಬಳಿಕ ಕೊಡತಿಯಾಕಾರದ ಇನ್ನೊಂದು. ಮುಂದೆ ವಿದ್ವಾಂಸರು ಅಗೆದಂತೆಲ್ಲ ನೂರಕ್ಕೂ ಹೆಚ್ಚು ಜನರ ಎಲುಬುಗಳು ಹೊರಬಂದವು, ಬಹುಪಾಲು ತರುಣರವು. ಜೊತೆಗೆ ಕುದುರೆಯ ಎಲುಬು, ಕಂಚಿನ ಬಾಣದ ಮೊನೆ. ಒಂದು ತಲೆಬುರುಡೆ ಮೊಂಡು ಆಯುಧದ ಪೆಟ್ಟಿಗೆ ಒಳಕ್ಕೆ ಕುಸಿದಿತ್ತು. ಕ್ರಿ. ಪೂ. 1250ರ ಸುಮಾರಿನ ಕದನವದು.

ಎಂದರೆ, ಕಂಚಿನ ಯುಗ ಚೆನ್ನಾಗಿ ಬಲಿತಿದ್ದ ಕಾಲ. ಕಂಚಿದ್ದೂ ದೊಣ್ಣೆಯೇಕೆ? ನನಗೆ ತೋರುವ ಕಾರಣ ಸರಳವಾದುದು. ಆ ಬಯಲು ಸೀಮೆಗೆ ತಾಮ್ರವೂ ತವರವೂ ದೂರದಿಂದ ಬರಬೇಕು, ಮರವಾದರೋ ಹಿತ್ತಿಲಲ್ಲಿದೆ. ಹಾಗೆಂದು ಕೈಗೆ ಸಿಕ್ಕ ಕೊಂಬೆಯೂ ಅದಲ್ಲ. ಮೊದಲನೆಯದು ಆ್ಯಷ್ ಮರದ್ದು. ಪೆಟ್ಟಿಗೆ ಸೀಳದ ಆ ಮರವನ್ನು ಯೂರೋಪಿನವರು ಹತಾರಗಳ ಹಿಡಿಗೆ ಇಂದಿಗೂ ಬಳಸುತ್ತಾರೆ. ಮಾಡಿದವನಿಗೆ ಮರದ ಗುಣ ಗೊತ್ತಿತ್ತು.

ಇಂಥ ದೊಣ್ಣೆ ನಿಜಕ್ಕೂ ಕೊಲ್ಲಬಲ್ಲುದೇ ಎಂದು ಸಂಶಯಪಡುವವರುಂಟು. ಲಂಡನ್ನಿನ ಥೇಮ್ಸ್ ನದಿಯಲ್ಲಿ ಇನ್ನೂ ಹಳೆಯ, 5000 ವರ್ಷಕ್ಕೂ ಹಿಂದಿನ ದೊಣ್ಣೆಯೊಂದು ದೊರಕಿದೆ. ಎಡಿನ್‌ಬರೋ ವಿಶ್ವವಿದ್ಯಾಲಯದವರು ಅದರ ಪ್ರತಿಕೃತಿ ಮಾಡಿಸಿ, ಕೃತಕ ತಲೆಬುರುಡೆಗಳ ಮೇಲೆ ಹೊಡೆಸಿ ನೋಡಿ, ಫಲಿತಾಂಶವನ್ನು 2017ರಲ್ಲಿ ಪ್ರಕಟಿಸಿದರು. ಒಂದು ಬಿರುಕು ಆಸ್ಟ್ರಿಯದ ಆಸ್ಪಾರ್ನ್‌ನಲ್ಲಿ, ಶಿಲಾಯುಗದ ಹತ್ಯಾಕಾಂಡವೊಂದರ ನೆಲದಲ್ಲಿ, ಸಿಕ್ಕಿದ ಬುರುಡೆಯ ಬಿರುಕನ್ನೇ ಹೋಲಿತು. ಹೊಡೆದವನು ಯೋಧನೇನೂ ಅಲ್ಲ, ಆರೋಗ್ಯವಂತನಾದ ಒಬ್ಬ ಯುವಕ. ಬಲವಿದ್ದಷ್ಟೂ ಹೊಡೆಯೆಂದು ಅವನಿಗೆ ಹೇಳಿದ್ದರು.