ಬರದೇ ಹೋದ ಗಿರಾಕಿಗಳನ್ನು ಎಣಿಸಿದ ಬಾರ್

ಇವತ್ತು ನಾನು ಹೇಳಹೊರಟಿರೋದು ಒಂದು ಸ್ಪೋರ್ಟ್ಸ್ ಬಾರ್ ಕಥೆ. ಬಾರ್‌ಗೂ ಇತಿಹಾಸಕ್ಕೂ ಏನು ಸಂಬಂಧ ಅಂತ ನಗಬೇಡಿ, ಇದೆ.

ಐಪಿಎಲ್ ಶುರುವಾದ್ರೆ ನಿಮ್ಮ ಇನ್‌ಸ್ಟಾಗ್ರಾಂ ಫೀಡ್ ಹೇಗಿರುತ್ತೆ ನೆನಪಿಸ್ಕೊಳ್ಳಿ. 'ಇವತ್ತಿನ ಮ್ಯಾಚ್ ನಮ್ಮಲ್ಲಿ, ದೊಡ್ಡ ಸ್ಕ್ರೀನ್‌ನಲ್ಲಿ' ಅಂತ ಒಂದರ ಹಿಂದೆ ಒಂದು ಪೋಸ್ಟರ್. ಇದು ಸೋಷಿಯಲ್ ಮೀಡಿಯಾ ಕಾಲದ ಐಡಿಯಾ ಅಂತ ಅನ್ನಿಸಬಹುದು. ನಿಜವಾಗಿ ನೋಡಿದ್ರೆ, ಆಟ ತೋರಿಸಿ ಗಿರಾಕಿ ಕರೆಯೋ ಉಪಾಯಕ್ಕೆ ಮುಕ್ಕಾಲು ಶತಮಾನ ದಾಟಿದೆ. ಸೋಷಿಯಲ್ ಮೀಡಿಯಾ ಬದಲಾಯಿಸಿದ್ದು ಬೇರೆಯದೇ ಒಂದನ್ನ. ಅದೇನು ಅಂತ ತಿಳಿಯೋಕೆ ಮೊದಲು 1947ಕ್ಕೆ ಹೋಗೋಣ.

ಆ ವರ್ಷ ಅಮೆರಿಕದ ಬೇಸ್‌ಬಾಲ್ ಫೈನಲ್, ಅಂದ್ರೆ ವರ್ಲ್ಡ್ ಸೀರೀಸ್, ಮೊದಲ ಸಲ ಟಿವಿಯಲ್ಲಿ ಬಂತು. ನ್ಯೂಯಾರ್ಕ್‌ನ ಎರಡು ತಂಡಗಳಾದ ಯಾಂಕೀಸ್ ಮತ್ತು ಡಾಡ್ಜರ್ಸ್ ನಡುವೆ ಏಳು ಪಂದ್ಯ. ಆಗ ಟಿವಿ ಸೆಟ್ ಅಂದ್ರೆ ಸಾಮಾನ್ಯ ಮನೆಯವರ ಕೈಗೆ ಎಟುಕುವ ವಸ್ತು ಅಲ್ಲ. ಹಾಗಾದ್ರೆ ಜನ ನೋಡಿದ್ದೆಲ್ಲಿ? ಬಾರ್‌ಗಳಲ್ಲಿ! ಆ ಸರಣಿ ನೋಡಿದವರ ಸಂಖ್ಯೆ ಸುಮಾರು 39 ಲಕ್ಷ ಅನ್ನೋ ಅಂದಾಜಿದೆ, ಅವರಲ್ಲಿ ಹೆಚ್ಚಿನವರು ಕೂತಿದ್ದು ಬಾರ್‌ಗಳಲ್ಲೇ. ಒಂದು ಟಿವಿ ತಂದಿಟ್ಟರೆ ಬೀದಿ ಜನವೆಲ್ಲ ಒಳಗೆ ಬರ್ತಾರೆ ಅನ್ನೋ ಪಾಠವನ್ನ ಬಾರ್ ಮಾಲೀಕರು ಅವತ್ತೇ ಕಲಿತರು.

ಮುಂದೆ ಮನೆಮನೆಗೂ ಟಿವಿ ಬಂತು. ಮನೆಯಲ್ಲಿ ಸಿಗದ್ದನ್ನ ಕೊಡದಿದ್ರೆ ಬಾರ್‌ಗೆ ಯಾರು ಬರ್ತಾರೆ? 1979ರ ಸೆಪ್ಟೆಂಬರ್‌ನಲ್ಲಿ ಇಎಸ್‌ಪಿಎನ್ ಶುರುವಾಗಿ ಆಟಕ್ಕೇ ಮೀಸಲಾದ ಚಾನೆಲ್ ಬಂತು. 1994ರಲ್ಲಿ ಎನ್‌ಎಫ್‌ಎಲ್ ಫುಟ್‌ಬಾಲ್ ಪಂದ್ಯಗಳನ್ನ ಕಂತೆಯಾಗಿ ಕೊಡೋ 'ಸಂಡೇ ಟಿಕೆಟ್' ಉಪಗ್ರಹದ ಮೂಲಕ ಬಂತು. ಗೋಡೆಗೊಂದು ಸ್ಕ್ರೀನ್ ಹೋಗಿ ಗೋಡೆ ತುಂಬ ಸ್ಕ್ರೀನ್ ಆಯ್ತು. ನಾವಿವತ್ತು ಸ್ಪೋರ್ಟ್ಸ್ ಬಾರ್ ಅಂತ ಕರೆಯೋದು ಇದನ್ನೇ.

ಇಲ್ಲೇ ಇರೋದು ಪ್ರಶ್ನೆ. ಅಷ್ಟೊಂದು ಸ್ಕ್ರೀನ್ ಇದ್ರೂ ರಿಮೋಟ್ ಯಾರ ಕೈಯಲ್ಲಿತ್ತು? ಮಾಲೀಕನ ಲೆಕ್ಕ ಸರಳ: ಒಳಗೆ ಕೂತವರು ಏನು ಕೇಳ್ತಾರೋ ಅದನ್ನ ಹಾಕು. ತಪ್ಪೇನಿಲ್ಲ, ವ್ಯಾಪಾರ ಅಲ್ವಾ? ಆದ್ರೆ ಈ ಲೆಕ್ಕದಲ್ಲಿ ಒಂದು ತೂತಿದೆ. ಒಳಗೆ ಬಂದವರನ್ನ ಎಣಿಸಬಹುದು. ತನಗೆ ಬೇಕಾದ ಆಟ ಇಲ್ಲಿ ಹಾಕಲ್ಲ ಅಂತ ಗೊತ್ತಿದ್ದು ಬಾಗಿಲ ಹತ್ತಿರವೂ ಸುಳಿಯದವರನ್ನ ಎಣಿಸೋದು ಹೇಗೆ?

ಅಂಥವರು ಯಾರು ಅಂದ್ರೆ, ಮುಖ್ಯವಾಗಿ ಮಹಿಳಾ ಕ್ರೀಡೆಯ ಅಭಿಮಾನಿಗಳು. 1972ರಲ್ಲಿ ಅಮೆರಿಕದಲ್ಲಿ 'ಟೈಟಲ್ ನೈನ್' ಅನ್ನೋ ಕಾನೂನು ಬಂತು. ಸರ್ಕಾರದ ಹಣ ಪಡೆಯೋ ಶಾಲೆ, ಕಾಲೇಜುಗಳಲ್ಲಿ ಲಿಂಗದ ಹೆಸರಲ್ಲಿ ತಾರತಮ್ಯ ಮಾಡೋ ಹಾಗಿಲ್ಲ ಅಂತ. ಅದಾದ ಮೇಲೆ ಲಕ್ಷಾಂತರ ಹುಡುಗಿಯರು ಮೈದಾನಕ್ಕಿಳಿದರು. ಆದ್ರೆ ಟಿವಿ ಅವರ ಹಿಂದೆ ಹೋಗಲಿಲ್ಲ. 2019ರ ಟಿವಿ ಕ್ರೀಡಾ ಸುದ್ದಿ, ಹೈಲೈಟ್ಸ್ ಕುಳಿತು ಅಳೆದ ಸಂಶೋಧಕರಿಗೆ ಸಿಕ್ಕಿದ್ದು: ಮಹಿಳಾ ಕ್ರೀಡೆಗೆ ಕೊಟ್ಟ ಸಮಯ ಶೇಕಡಾ 5.4. ನೂರು ನಿಮಿಷದಲ್ಲಿ ಐದು ಚಿಲ್ಲರೆ ನಿಮಿಷ! ಯಾರೂ ನೋಡಲ್ಲ, ಅದಕ್ಕೇ ತೋರಿಸಲ್ಲ ಅಂತ ಅವರು. ತೋರಿಸದಿದ್ರೆ ನೋಡೋದು ಹೇಗೆ ಅಂತ ಇವರು.

ಈಗ ನಮ್ಮ ಕಥೆಯ ನಾಯಕಿ. ಜೆನ್ನಿ ನುಯೆನ್, ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನವರು. ವೃತ್ತಿಯಲ್ಲಿ ಬಾಣಸಿಗರು, ಬ್ಯಾಸ್ಕೆಟ್‌ಬಾಲ್ ಅಂದ್ರೆ ಪ್ರಾಣ. 2018ರ ಏಪ್ರಿಲ್ 1, ಅಮೆರಿಕದ ಮಹಿಳಾ ಕಾಲೇಜು ಬ್ಯಾಸ್ಕೆಟ್‌ಬಾಲ್ ಫೈನಲ್. ಗೆಳತಿಯರ ಜತೆ ಒಂದು ಸ್ಪೋರ್ಟ್ಸ್ ಬಾರ್‌ಗೆ ಹೋಗಿ ಮ್ಯಾಚ್ ಹಾಕಿ ಅಂತ ಕೇಳಿದ್ರು. ಹಾಕಿದ್ರು, ಮೂಲೆಯ ಒಂದು ಪುಟ್ಟ ಟಿವಿಯಲ್ಲಿ, ಸೌಂಡ್ ಇಲ್ಲದೆ. ಆ ಫೈನಲ್ ಎಂಥದ್ದು ಗೊತ್ತಾ? ಒಂದು ಹಂತದಲ್ಲಿ 15 ಪಾಯಿಂಟ್ ಹಿಂದಿದ್ದ ನಾಟ್ರ್‌ಡೇಮ್ ತಂಡಕ್ಕೆ ಆರಿಕೆ ಒಗುನ್‌ಬೊವಾಲೆ ಕೊನೇ ಗಳಿಗೆಯಲ್ಲಿ ಹೊಡೆದ ಮೂರು ಪಾಯಿಂಟ್ ಗೆಲುವು ತಂದುಕೊಟ್ಟಿತು. 61-58. ಗಡಿಯಾರದಲ್ಲಿ ಉಳಿದಿದ್ದು ಸೆಕೆಂಡಿನ ಹತ್ತನೇ ಒಂದು ಭಾಗ! ಇವರ ಗುಂಪು ಕುಣಿದಾಡಿತು. ಬಾರ್‌ನ ಉಳಿದವರಿಗೆ ಅದರ ಗೊಡವೆಯೇ ಇರಲಿಲ್ಲ.

ಇಂಥ ಆಟವನ್ನ ಸೌಂಡ್ ಸಮೇತ ನೋಡಬೇಕಾದ್ರೆ ನಮ್ಮದೇ ಜಾಗ ಬೇಕು ಅಂತ ಜೆನ್ನಿಗೆ ಅನ್ನಿಸಿತು. ಹೆಸರೂ ಹೊಳೀತು: ದಿ ಸ್ಪೋರ್ಟ್ಸ್ ಬ್ರಾ. ಇಂಗ್ಲಿಷ್‌ನ ಬಾರ್ ಅನ್ನೋ ಪದದ ಕೊನೆಯ ಎರಡು ಅಕ್ಷರ ಅದಲುಬದಲು ಮಾಡಿದ್ರೆ ಅದೇ. ಕನ್ನಡದಲ್ಲಿ ಬರೆದು ನೋಡಿ, ಇಲ್ಲೂ ಹೆಚ್ಚುಕಮ್ಮಿ ಅದೇ ಆಟ! ಕೆಲವು ವರ್ಷ ಅದು ಗೆಳತಿಯರ ನಡುವಿನ ತಮಾಷೆಯಾಗೇ ಉಳೀತು. ಕೋವಿಡ್ ಬಂದು ಹೋಗೋ ಹೊತ್ತಿಗೆ ತಮಾಷೆ ನಿರ್ಧಾರವಾಯ್ತು.

ಕೈಯಲ್ಲಿದ್ದ ಉಳಿತಾಯ ಸುಮಾರು 27 ಸಾವಿರ ಡಾಲರ್. ಬಾರ್ ತೆರೆಯೋಕೆ ಅದು ಎಲ್ಲಿ ಸಾಲುತ್ತೆ? ಸ್ನೇಹಿತರು, ಮನೆಯವರ ಹತ್ತಿರ ಸಾಲ ಪಡೆದರು. 2022ರ ಫೆಬ್ರವರಿಯಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಸಾರ್ವಜನಿಕರ ಮುಂದೆ ಕೈಚಾಚಿದರು. ಕೇಳಿದ್ದು 48 ಸಾವಿರ ಡಾಲರ್. ಸುದ್ದಿ ಫೋನಿಂದ ಫೋನಿಗೆ ಶೇರ್ ಆಗ್ತಾ ಹೋಯ್ತು. ಬಂದಿದ್ದು 1 ಲಕ್ಷದ 5 ಸಾವಿರಕ್ಕೂ ಹೆಚ್ಚು. ಆ ಬಾರ್‌ಗೆ ಜೀವಮಾನದಲ್ಲಿ ಕಾಲಿಡಲಾರದಷ್ಟು ದೂರದಲ್ಲಿದ್ದವರೂ ದುಡ್ಡು ಹಾಕಿದ್ರು.

ನನ್ನ ಪ್ರಕಾರ ಇತಿಹಾಸ ತಿರುಗಿದ್ದು ಇಲ್ಲಿ. 75 ವರ್ಷ ಬಾರ್‌ಗಳು ಬಂದವರನ್ನ ಮಾತ್ರ ಎಣಿಸ್ತಿದ್ವು. ಈ ಬಾರ್ ಬಾಗಿಲು ತೆರೆಯೋ ಮೊದಲೇ, ಇಷ್ಟು ವರ್ಷ ಬರದೇ ಹೋದವರನ್ನ ಎಣಿಸಿತು. ಒಂದೊಂದು ಶೇರ್, ಒಂದೊಂದು ಹತ್ತು ಡಾಲರ್ ಕೂಡ 'ನಾನೂ ಇದ್ದೀನಿ' ಅಂತ ಎತ್ತಿದ ಕೈ. ಯಾರೂ ನೋಡಲ್ಲ ಅನ್ನೋ ಮಾತಿಗೆ ಅದಕ್ಕಿಂತ ಒಳ್ಳೆ ಉತ್ತರ ಇರಲಿಲ್ಲ. ಸೋಷಿಯಲ್ ಮೀಡಿಯಾ ಈ ಗಿರಾಕಿಗಳನ್ನ ಹುಟ್ಟಿಸಲಿಲ್ಲ. ಅವರು ಮೊದಲೇ ಇದ್ರು, ಒಬ್ಬರಿಗೊಬ್ಬರು ಕಾಣ್ತಿರಲಿಲ್ಲ ಅಷ್ಟೇ.

2022ರ ಏಪ್ರಿಲ್ 1ರಂದು, ಆ ಫೈನಲ್‌ಗೆ ಸರಿಯಾಗಿ ನಾಲ್ಕು ವರ್ಷ ತುಂಬಿದ ದಿನ, ಬಾಗಿಲು ತೆರೀತು. ಹೊರಗೆ ಉದ್ದ ಕ್ಯೂ. ಸ್ಕ್ರೀನ್‌ಗಳಲ್ಲೆಲ್ಲ ಮಹಿಳಾ ಕ್ರೀಡೆ ಮಾತ್ರ. ಮಕ್ಕಳನ್ನೂ ಕರ್ಕೊಂಡು ಬರಬಹುದಾದ ಜಾಗ. ಮೊದಲ ಎಂಟು ತಿಂಗಳ ವಹಿವಾಟು 9 ಲಕ್ಷದ 44 ಸಾವಿರ ಡಾಲರ್.

ಹಾಗಂತ ಚೆಂದದ ಪೋಸ್ಟ್ ಹಾಕಿಬಿಟ್ರೆ ಕುರ್ಚಿ ತುಂಬುತ್ತೆ ಅಂತಲ್ಲ. ಪೋಸ್ಟ್ ಅಂದ್ರೆ ಒಂದು ಮಾತು ಕೊಟ್ಟ ಹಾಗೆ. ಇವತ್ತು ಈ ಮ್ಯಾಚ್ ಇದೆ ಅಂದ್ಮೇಲೆ ಇರಬೇಕು. ಮಹಿಳಾ ಪಂದ್ಯಗಳು ಹತ್ತಾರು ಚಾನೆಲ್, ಆ್ಯಪ್‌ಗಳಲ್ಲಿ ಚದುರಿಹೋಗಿರುತ್ವೆ. ಮನೆಗೆ ಅಂತ ತಗೊಂಡ ಚಂದಾದಲ್ಲಿ ಬಾರ್‌ನಲ್ಲಿ ತೋರಿಸೋ ಹಾಗಿಲ್ಲ, ಬೇರೆ ಲೈಸೆನ್ಸ್ ಬೇಕು. ಯಾವ ಪಂದ್ಯ ಎಲ್ಲಿ ಸಿಗುತ್ತೆ ಅಂತ ಹುಡುಕೋದೇ ಒಂದು ದೊಡ್ಡ ಕೆಲಸ. ಲೈಕ್ ಒತ್ತೋಕೆ ಒಂದು ಬೆರಳು ಸಾಕು, ಮತ್ತೆ ಮತ್ತೆ ಬರೋ ಗಿರಾಕಿ ಬೇಕಂದ್ರೆ ಈ ದುಡಿಮೆ ಬೇಕು.

ದಾರಿ ತೆರೆದ ಮೇಲೆ ಬೇರೆಯವರೂ ನಡೆದ್ರು. 2022ರ ಕೊನೆಗೆ ಸಿಯಾಟಲ್‌ನಲ್ಲಿ 'ರಫ್ ಆ್ಯಂಡ್ ಟಂಬಲ್', 2024ರ ಮಾರ್ಚ್‌ನಲ್ಲಿ ಮಿನಿಯಾಪೊಲಿಸ್‌ನಲ್ಲಿ 'ಎ ಬಾರ್ ಆಫ್ ದೇರ್ ಓನ್'. ರೆಡಿಟ್ ಸ್ಥಾಪಕರಲ್ಲೊಬ್ಬರಾದ ಅಲೆಕ್ಸಿಸ್ ಓಹಾನಿಯನ್ ಅವರ ಪ್ರತಿಷ್ಠಾನ ಸ್ಪೋರ್ಟ್ಸ್ ಬ್ರಾಗೆ ಬೆಂಬಲ ಕೊಟ್ಟಿತು. 2025ರಲ್ಲಿ ಬಾಸ್ಟನ್, ಇಂಡಿಯಾನಾಪೊಲಿಸ್, ಲಾಸ್ ವೇಗಸ್, ಸೇಂಟ್ ಲೂಯಿಸ್‌ಗಳಲ್ಲಿ ಶಾಖೆ ತೆರೆಯೋ ಘೋಷಣೆಯೂ ಆಯ್ತು.

ಇದೆಲ್ಲ ಅಮೆರಿಕದ ಮಾತಾಯ್ತು, ನಮಗೇನು ಅಂತೀರಾ? 'ಈ ಸಲ ಕಪ್ ನಮ್ದೇ' ಅಂತ 2008ರಿಂದ ಕಾದಿದ್ದ ಆರ್‌ಸಿಬಿ ಹೆಸರಿಗೆ ಮೊದಲ ಕಪ್ ತಂದಿದ್ದು ಯಾರು? ಸ್ಮೃತಿ ಮಂಧಾನ ನಾಯಕತ್ವದ ಮಹಿಳಾ ತಂಡ, 2024ರ ಮಾರ್ಚ್ 17ರಂದು, ಡೆಲ್ಲಿ ಕ್ಯಾಪಿಟಲ್ಸ್ ವಿರುದ್ಧ 8 ವಿಕೆಟ್‌ಗಳಿಂದ. ಪುರುಷರ ತಂಡ ಗೆದ್ದಿದ್ದು ಅದಾಗಿ ವರ್ಷದ ಮೇಲೆ, 2025ರ ಜೂನ್ 3ರಂದು. 2025ರ ನವೆಂಬರ್ 2ರಂದು ಹರ್ಮನ್‌ಪ್ರೀತ್ ಕೌರ್ ತಂಡ ವಿಶ್ವಕಪ್ ಎತ್ತಿತು. ಇನ್ನು ಮುಂದೆ ಯಾರೂ ನೋಡಲ್ಲ ಅನ್ನೋ ನೆಪ ನಡೆಯಲ್ಲ.

ಅದಕ್ಕೇ ನಂದೊಂದು ಕೋರಿಕೆ. ಮುಂದಿನ ಡಬ್ಲ್ಯುಪಿಎಲ್ ಬಂದಾಗ ನಿಮ್ಮೇರಿಯಾದ ಪಬ್ ಅಥವಾ ಕೆಫೆಯ ಪೇಜ್ ತೆಗೆದು ನೋಡಿ. ಆ ಮ್ಯಾಚಿನ ಪೋಸ್ಟರ್ ಇದೆಯಾ? ಇಲ್ಲದಿದ್ರೆ ಸುಮ್ಮನೆ ಸ್ಕ್ರೋಲ್ ಮಾಡಿ ಮುಂದೆ ಹೋಗಬೇಡಿ. 'ಇವತ್ತಿನ ಮ್ಯಾಚ್ ಹಾಕ್ತೀರಾ? ಸೌಂಡ್ ಇರುತ್ತಾ? ನಾವು ಆರು ಜನ ಬರ್ತೀವಿ' ಅಂತ ಒಂದು ಮೆಸೇಜ್ ಹಾಕಿ. ಆಮೇಲೆ ಆರು ಜನ ಹೋಗಿ, ಅದು ಮುಖ್ಯ.