ಕೃತಕ ಶಿಲೆಯ ಬಣ್ಣವೂ ಅಚೌರ್ಯ ವ್ರತವೂ

ಚಾಮರಾಜನಗರವೆಂದೊಡನೆ ಕಟ್ಟಡದ ಕೆಲಸ ಬಲ್ಲವರಿಗೆ ಮೊದಲು ನೆನಪಾಗುವುದು ಕರಿಕಲ್ಲು. ಈ ಸೀಮೆಯ ಕಲ್ಲು ಕಡಲಾಚೆಯ ದೇಶಗಳ ಸ್ಮಾರಕಗಳಿಗೂ ಭವನಗಳಿಗೂ ಹೋಗಿದೆ. ಅಂಥ ನಾಡಿನಲ್ಲಿಯೇ ಸಿಮೆಂಟು, ಮರಳು, ಕಲ್ಲಿನ ಪುಡಿ, ಬಣ್ಣಗಳನ್ನು ಕಲಸಿ ಅಚ್ಚಿನಲ್ಲಿ ಎರೆದ ಕೃತಕ ಶಿಲೆಯನ್ನು ಹಳೆಯ ಕಲ್ಲಿನ ಪಕ್ಕದಲ್ಲಿ ಕೂಡಿಸುವ ಸಂದರ್ಭಗಳು ಒದಗುತ್ತವೆ. ಗುಂಡ್ಲುಪೇಟೆಯಲ್ಲಿ ಕಟ್ಟಡ ಸಾಮಗ್ರಿಗಳ ವ್ಯಾಪಾರ ಮಾಡಿದ ನನ್ನ ಅಂಗಡಿಗೆ ಕಲ್ಲಿನ ಚೂರೊಂದನ್ನು ಹಿಡಿದು ಬಂದು, ಇದೇ ಬಣ್ಣಕ್ಕೆ ಮಾಡಿಸಿಕೊಡಿ ಎಂದು ಕೇಳಿದವರು ಹಲವರು. ಒಂದು ವಸ್ತುವನ್ನು ಮತ್ತೊಂದರಂತೆ ಕಾಣಿಸುವ ಈ ಕೆಲಸ ಶ್ರಾವಕನಿಗೆ ಸಲ್ಲುವುದೇ? ಈ ಪ್ರಶ್ನೆಗೆ ಇತಿಹಾಸದಿಂದಲೂ ಶಾಸ್ತ್ರದಿಂದಲೂ ದೊರೆಯುವ ಉತ್ತರವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಚಾಮರಾಜನಗರದ ಹಳೆಯ ಹೆಸರು ಅರಿಕುಠಾರ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನೂ ಜಿನಭಕ್ತನೂ ಆಗಿದ್ದ ಪುಣಿಸಮಯ್ಯನು 1117ರಲ್ಲಿ ಇಲ್ಲಿ ತ್ರಿಕೂಟ ಬಸದಿಯನ್ನು ಕಟ್ಟಿಸಿದನೆಂದು ಶಾಸನದಿಂದ ತಿಳಿದುಬರುತ್ತದೆ. ಬಂಡವಾಳ ಕಳೆದುಕೊಂಡ ವರ್ತಕರಿಗೂ ಬಿತ್ತಲು ಬೀಜವಿಲ್ಲದ ಒಕ್ಕಲಿಗರಿಗೂ ಅವನು ನೆರವಾದನೆಂದು ಅದೇ ಶಾಸನ ಕೊಂಡಾಡುತ್ತದೆ. ಮುಂದೆ ಚಿಕ್ಕದೇವರಾಜ ಒಡೆಯರು ತಮ್ಮ ತಂದೆಯ ಸ್ಮರಣೆಗಾಗಿ ಗುಂಡ್ಲುಪೇಟೆಯಲ್ಲಿ ಪರವಾಸುದೇವ ದೇಗುಲವನ್ನು ಕಟ್ಟಿಸಿದರು. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಹುಟ್ಟಿದ ಊರೆಂಬ ಕಾರಣಕ್ಕೆ ಅರಿಕುಠಾರಕ್ಕೆ 1818ರಲ್ಲಿ ಚಾಮರಾಜನಗರವೆಂದು ಹೆಸರಿಟ್ಟು, 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ನಿರ್ಮಿಸಿದರು. ಹೀಗೆ ಹಲವು ಶತಮಾನಗಳ ಕಲ್ಲಿನ ಕಟ್ಟಡಗಳು ನಮ್ಮ ಎರಡು ತಾಲ್ಲೂಕುಗಳಲ್ಲಿವೆ. ಗಾಳಿ, ಮಳೆ, ಎಣ್ಣೆ, ಧೂಪದ ಹೊಗೆ ಹಾಗೂ ಜನರ ಕೈಸ್ಪರ್ಶದಿಂದ ಒಂದೊಂದು ಕಲ್ಲೂ ತನ್ನದೇ ಬಣ್ಣವನ್ನು ಪಡೆದಿರುತ್ತದೆ. ಒಂದು ಮೆಟ್ಟಿಲು ಒಡೆದರೆ, ಅದೇ ಗಣಿಯ ಹೊಸ ಕಲ್ಲನ್ನು ತಂದು ಕೂಡಿಸಿದರೂ ಬಣ್ಣ ಹೊಂದುವುದಿಲ್ಲ. ಬಣ್ಣ ಹೊಂದಿಸುವ ತೊಡಕು ಕೃತಕ ಶಿಲೆಯೊಂದಕ್ಕೇ ಸೇರಿದ್ದಲ್ಲವೆಂಬುದು ಇದರಿಂದ ಸ್ಪಷ್ಟ.

ಇಲ್ಲಿ ಇನ್ನೊಂದು ವಿಷಯವೂ ಗಮನಾರ್ಹ. ವ್ಯಾಪಾರದಲ್ಲಿ ನಾವು ಕಪ್ಪು ಗ್ರಾನೈಟ್ ಎನ್ನುವ ಚಾಮರಾಜನಗರದ ಕಲ್ಲು ಭೂವಿಜ್ಞಾನಿಗಳ ದೃಷ್ಟಿಯಲ್ಲಿ ಗ್ರಾನೈಟ್ ಅಲ್ಲ. ಅದು ಹಳೆಯ ಶಿಲೆಯ ಬಿರುಕುಗಳಲ್ಲಿ ಶಿಲಾರಸ ಮೇಲೇರಿ ಗಟ್ಟಿಯಾದ ಡೋಲರೈಟ್. ಪೈರಾಕ್ಸೀನ್ ಎಂಬ ಖನಿಜದಿಂದ ಅದಕ್ಕೆ ಕಪ್ಪು ಬಂದಿದೆ. ನೈಜ ಶಿಲೆಯೂ ಪೇಟೆಯಲ್ಲಿ ತನ್ನದಲ್ಲದ ಹೆಸರನ್ನು ಹೊತ್ತು ತಿರುಗುತ್ತಿದೆ ಎಂದಾಯಿತು. ಆದರೆ ಕೊಳ್ಳುವವನಿಗೂ ಮಾರುವವನಿಗೂ ಆ ಹೆಸರಿನ ಅರ್ಥ ಒಂದೇ ಆಗಿರುವುದರಿಂದ ಅದರಲ್ಲಿ ಯಾರಿಗೂ ಮೋಸವಿಲ್ಲ.

ಬಣ್ಣ ಕಲಸುವ ವಿದ್ಯೆ ನಮ್ಮವರಿಗೆ ಹೊಸದಲ್ಲ. ಸುಣ್ಣ, ಮರಳುಗಳಿಗೆ ಬೆಲ್ಲದ ನೀರು, ಅಳಲೆಕಾಯಿಯ ರಸ ಸೇರಿಸಿ ಅರೆದು ಗಾರೆ ಮಾಡುತ್ತಿದ್ದ ಕಾಲವಿತ್ತು. ಅನಂತರ ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ ಕರಣೆಯಿಂದ ತಿಕ್ಕಿ ಹೊಳಪು ತರುವ ರೆಡ್ ಆಕ್ಸೈಡ್ ನೆಲ ಹಳೇ ಮೈಸೂರು ಸೀಮೆಯ ಮನೆಗಳಿಗೆ ಬಂದಿತು. ಬಲ್ಲ ಗಾರೆ ಕೆಲಸದವರು ಇಡೀ ಕೋಣೆಗೆ ಬೇಕಾಗುವ ಸಿಮೆಂಟು ಮತ್ತು ಪುಡಿಯನ್ನು ಒಂದೇ ಸಲ ಒಣದಾಗಿ ಬೆರೆಸಿಟ್ಟುಕೊಂಡು ಕೆಲಸಕ್ಕೆ ಇಳಿಯುತ್ತಿದ್ದರು. ಮಧ್ಯದಲ್ಲಿ ಸಾಲದೆ ಮತ್ತೆ ಕಲಸಿದರೆ ಆ ಗೆರೆ ಮನೆ ಇರುವತನಕ ಕಾಣುವುದೆಂಬುದು ಅವರ ಅನುಭವ. ಅಂಥ ನೆಲಕ್ಕೆ ತೇಪೆ ಹಾಕಿಸಿದ ಮನೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಪಶ್ಚಿಮ ದೇಶಗಳ ಚರಿತ್ರೆಯೂ ಇದಕ್ಕೆ ಪೂರಕವಾಗಿದೆ. ಲಂಡನ್ನಿನ ಲ್ಯಾಂಬೆತ್‌ನಲ್ಲಿ 1769ರಿಂದ ಎಲಿನರ್ ಕೋಡ್ ಎಂಬ ಮಹಿಳೆ ಜೇಡಿಮಣ್ಣು, ಚಕಮಕಿ ಕಲ್ಲು, ಗಾಜಿನ ಪುಡಿಗಳನ್ನು ಬೆರೆಸಿ ಸುಟ್ಟು, ನೋಡಲು ತಿಳಿಬಣ್ಣದ ಕಟ್ಟಡದ ಕಲ್ಲಿನಂತೆಯೇ ಇರುವ ಕೃತಕ ಶಿಲೆಯನ್ನು ಮಾರುತ್ತಿದ್ದಳು. ಅವಳ ಕಾರ್ಖಾನೆಯ ವಸ್ತುಗಳ ಮೇಲೆ ಕೋಡ್ ಎಂಬ ಹೆಸರನ್ನೂ ಊರನ್ನೂ ಒತ್ತಿರುತ್ತಿದ್ದರು, ಎಷ್ಟೋ ವೇಳೆ ಇಸವಿಯನ್ನೂ. ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಬಳಿ ನಿಂತಿರುವ, 1837ರಲ್ಲಿ ತಯಾರಾದ ಸಿಂಹ ಆ ಶಿಲೆಯದೇ. 1824ರಲ್ಲಿ ಜೋಸೆಫ್ ಆಸ್ಪ್‌ಡಿನ್ ತನ್ನ ಸಿಮೆಂಟಿಗೆ ಹಕ್ಕುಪತ್ರ ಪಡೆದಾಗ ಅದಕ್ಕೆ ಪೋರ್ಟ್‌ಲೆಂಡ್ ಎಂಬ ಹೆಸರಿಟ್ಟದ್ದು ಅದು ಆ ಹೆಸರಿನ ಊರಿನ ಕಟ್ಟಡದ ಕಲ್ಲನ್ನು ಹೋಲುತ್ತದೆಂಬ ಕಾರಣದಿಂದ. ಇಂದು ನಾವು ಮೂಟೆಗಟ್ಟಲೆ ಮಾರುವ ಸಿಮೆಂಟಿನ ಹೆಸರಿನಲ್ಲಿಯೇ ಕಲ್ಲಿನ ಹೋಲಿಕೆ ಅಡಗಿದೆ.

ಬಣ್ಣ ಹೊಂದಿಸುವ ರೀತಿಯನ್ನು ಈಗ ನೋಡೋಣ. ಸಾಮಾನ್ಯ ಸಿಮೆಂಟು ಬೂದು ಬಣ್ಣದ್ದು; ಅದಕ್ಕೆ ಮುಖ್ಯ ಕಾರಣ ಅದರಲ್ಲಿರುವ ಕಬ್ಬಿಣದ ಅಂಶ. ಕಬ್ಬಿಣ ಕಡಮೆ ಇರುವ ಕಚ್ಚಾವಸ್ತುಗಳಿಂದ ಬಿಳಿ ಸಿಮೆಂಟು ತಯಾರಾಗುತ್ತದೆ. ಕರಿಕಲ್ಲಿನ ಬಣ್ಣಕ್ಕೆ ಬೂದು ಸಿಮೆಂಟು ಸಾಕು. ತಿಳಿಬಣ್ಣಗಳಿಗೆ ಬಿಳಿಯದೇ ಬೇಕು. ಕೆಂಪು, ಹಳದಿ, ಕಪ್ಪು ಪುಡಿಗಳು ಬಹುಮಟ್ಟಿಗೆ ಕಬ್ಬಿಣದ ಆಕ್ಸೈಡುಗಳು. ಇವು ಬಿಸಿಲಿಗೂ ಸಿಮೆಂಟಿನ ಕ್ಷಾರಕ್ಕೂ ಜಗ್ಗುವುದಿಲ್ಲ. ಅಗ್ಗವೆಂದು ಇಂಗಾಲದ ಕಪ್ಪನ್ನು ಹಾಕಿದರೆ ಮಳೆಗೆ ಅದು ಕ್ರಮೇಣ ತೊಳೆದುಹೋಗುತ್ತದೆ. ಪುಡಿಯನ್ನು ಸಿಮೆಂಟಿನ ತೂಕಕ್ಕೆ ತಕ್ಕಂತೆ ತೂಗಿಯೇ ಹಾಕಬೇಕು. ನೂರಕ್ಕೆ ಐದಾರು ಪಾಲಿನ ಮೇಲೆ ಬಣ್ಣ ಅಷ್ಟಾಗಿ ಏರುವುದಿಲ್ಲ. ಹತ್ತು ಪಾಲನ್ನು ಮೀರುವುದು ಬಲಕ್ಕೆ ಹಾನಿ. ನೀರು ಹೆಚ್ಚಾದರೆ ಬಣ್ಣ ಪೇಲವವಾಗುತ್ತದೆ. ಮರಳು ಮತ್ತು ಜಲ್ಲಿಪುಡಿಗಳ ಬಣ್ಣವೂ ಕಾಲಕ್ರಮದಲ್ಲಿ ಮೇಲೆ ತೋರಿಬರುವುದರಿಂದ, ಹೊಂದಿಸಬೇಕಾದ ಕಲ್ಲಿನ ಪುಡಿಯನ್ನೇ ಬಳಸುವುದು ಉತ್ತಮ. ಎಲ್ಲಕ್ಕಿಂತ ಮುಖ್ಯವಾದುದು ಮಾದರಿ. ಒದ್ದೆಯಾಗಿರುವಾಗ ಯಾವ ಕಲ್ಲೂ ಗಾಢವಾಗಿ ಕಾಣುತ್ತದೆ. ಆದ್ದರಿಂದ ಮಾದರಿಯನ್ನು ಕೆಲವು ವಾರ ನೀರುಣಿಸಿ, ಚೆನ್ನಾಗಿ ಒಣಗಿಸಿ, ಹಗಲ ಬೆಳಕಿನಲ್ಲಿ, ಅದು ಕೂಡುವ ಸ್ಥಳದಲ್ಲಿಯೇ ಇಟ್ಟು ನೋಡಬೇಕು. ಟ್ಯೂಬ್‌ಲೈಟಿನಡಿ ಒಂದೇ ಆಗಿ ಕಂಡ ಎರಡು ಬಣ್ಣಗಳು ಬಿಸಿಲಿನಲ್ಲಿ ಬೇರೆಯಾಗಿ ಕಾಣುವುದುಂಟು.

ಈ ಮಾತುಗಳಲ್ಲಿ ಕೆಲವನ್ನು ನಾನು ನಷ್ಟಪಟ್ಟು ಕಲಿತೆ. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ನಮ್ಮ ಕಡೆಯ ಒಂದು ದೇಗುಲದ ಮುಂದಿನ ಮೆಟ್ಟಿಲುಗಳು ಒಡೆದಿದ್ದವು. ವೃದ್ಧೆಯೊಬ್ಬರು ತಮ್ಮ ಪತಿಯ ನೆನಪಿಗೆ ಕರಿಕಲ್ಲಿನ ಮೆಟ್ಟಿಲು ಮಾಡಿಸಲು ಹಣ ಕೊಟ್ಟರು. ಆಡಳಿತ ನೋಡುತ್ತಿದ್ದವರು ಮೆಟ್ಟಿಲುಗಳನ್ನು ಕರಿಯ ಬಣ್ಣ ಹಾಕಿದ ಸಿಮೆಂಟಿನಲ್ಲಿ ಎರೆಸಿ, ಉಳಿದ ಹಣವನ್ನು ಅದೇ ದೇಗುಲದ ಚರಂಡಿಗೆ ವಿನಿಯೋಗಿಸಿದರು. ಸಾಮಗ್ರಿ ಒದಗಿಸಿದವನು ನಾನು. ಒದ್ದೆ ಮಾದರಿಯನ್ನು ನೋಡಿ ಬಣ್ಣ ಸರಿಯಾಗಿದೆಯೆಂದವನೂ ನಾನೇ. ಮಾಡಿದ್ದು ಕಲ್ಲಿನಂತೆಯೇ ಕಂಡಿತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮೆಟ್ಟಿಲ ಮೇಲೆ ಬಿಳಿಯ ಪೊರೆ ಹರಡಿತು. ಸಿಮೆಂಟಿನೊಳಗಿನ ಸುಣ್ಣ ನೀರಿನೊಡನೆ ಮೇಲೆ ಬಂದು ಗಾಳಿಯ ಇಂಗಾಲಾಮ್ಲದೊಡನೆ ಸೇರಿದಾಗ ಹಾಗಾಗುತ್ತದೆ. ಆ ತಾಯಿ ಅಂಗಡಿಗೆ ಬಂದು, "ಇದು ಕಲ್ಲೋ ಅಲ್ಲವೋ, ನೀವೇ ಹೇಳಿ ಶೆಟ್ಟರೇ" ಎಂದು ಕೇಳಿದರು. ಅಲ್ಲ ತಾಯಿ ಎನ್ನಬೇಕಾಯಿತು. ಅವರು ಕೋಪಿಸಿಕೊಳ್ಳಲಿಲ್ಲ. "ಮೊದಲೇ ಹೇಳಿದ್ದರೆ ಚರಂಡಿಗೂ ಕೊಡುತ್ತಿದ್ದೆ" ಎಂದು ಹೇಳಿ ಹೊರಟುಹೋದರು.

ಒಂದು ಕಾಸೂ ಯಾರ ಜೇಬಿಗೂ ಹೋಗಿರಲಿಲ್ಲ. ಲೆಕ್ಕಪುಸ್ತಕ ಸರಿಯಾಗಿಯೇ ಇತ್ತು. ವಾಣಿಜ್ಯಶಾಸ್ತ್ರ ಓದಿದ ನನಗೆ ಅಂದು ಅದೇ ಸಮಾಧಾನವಾಗಿತ್ತು. ಆದರೆ ಕಳವಾದದ್ದೇನು ಎಂಬುದು ತತ್ತ್ವಾರ್ಥಸೂತ್ರವನ್ನು ಮತ್ತೆ ಓದಿದಾಗ ತಿಳಿಯಿತು. ಅದರ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಕಳ್ಳತನಕ್ಕೆ ಪ್ರೇರಣೆ ಕೊಡುವುದು, ಕಳವಿನ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರುವುದು, ಅಳತೆ ತೂಕಗಳಲ್ಲಿ ಹೆಚ್ಚುಕಡಮೆ ಮಾಡುವುದು ಇವು ಮೊದಲ ನಾಲ್ಕು. ಐದನೆಯದು ಪ್ರತಿರೂಪಕ ವ್ಯವಹಾರ, ಎಂದರೆ ಒಂದನ್ನು ಹೋಲುವ ಇನ್ನೊಂದರ ವ್ಯಾಪಾರ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವಾಗ ಕೃತಕ ಚಿನ್ನದಂಥ ವಸ್ತುಗಳ ಉದಾಹರಣೆ ಕೊಟ್ಟು, ಆ ವ್ಯವಹಾರದ ಹಿಂದೆ ವಂಚನೆ ಇರಬೇಕೆಂಬ ಮಾತನ್ನು ಸೇರಿಸಿದ್ದಾರೆ. ಆ ಒಂದು ವಿಶೇಷಣದಲ್ಲಿಯೇ ನಮ್ಮ ಪ್ರಶ್ನೆಗೆ ಉತ್ತರವಿದೆ. ಹೋಲಿಕೆ ದೋಷವಲ್ಲ, ಹೋಲಿಕೆಯ ಮರೆಯಲ್ಲಿ ಮಾಡುವ ವಂಚನೆ ದೋಷ. ಆ ಆಚಾರ್ಯರು ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿಯಲ್ಲಿ ನೆಲೆಸಿದ್ದರೆಂದು ಪರಂಪರೆ ನಂಬುತ್ತದೆ. ಅವರ ನೆನಪಿರುವ ಬೆಟ್ಟದ ಸೀಮೆಯಲ್ಲಿಯೇ ಕಲ್ಲಿನ ವ್ಯಾಪಾರ ಮಾಡುವ ನಾವು ಈ ಭೇದವನ್ನು ಮರೆಯಲಾಗದು.

ಜೀರ್ಣೋದ್ಧಾರದ ಆಧುನಿಕ ನಿಯಮವೂ ಇದನ್ನೇ ಬೇರೆ ಮಾತುಗಳಲ್ಲಿ ಹೇಳುತ್ತದೆ. ಪ್ರಾಚೀನ ಕಟ್ಟಡಗಳ ರಕ್ಷಣೆಯ ಬಗ್ಗೆ 1964ರಲ್ಲಿ ವೆನಿಸ್ ನಗರದಲ್ಲಿ ತಜ್ಞರು ಒಪ್ಪಿದ ಸನ್ನದಿನ ಪ್ರಕಾರ, ಹೊಸದಾಗಿ ಕೂಡಿಸಿದ ಭಾಗ ಒಟ್ಟು ಕಟ್ಟಡದೊಡನೆ ಹೊಂದಿಕೊಳ್ಳಬೇಕು. ಆದರೆ ಮೂಲ ಯಾವುದು, ಹೊಸದು ಯಾವುದು ಎಂಬುದು ತಿಳಿಯುವಂತಿರಬೇಕು. ದೂರದಿಂದ ನೋಡಿದರೆ ಕಣ್ಣಿಗೆ ಚುಚ್ಚಬಾರದು, ಹತ್ತಿರ ಬಂದು ನೋಡುವವನಿಗೆ ಸುಳ್ಳು ಹೇಳಬಾರದು ಎಂಬುದು ಇದರ ಸಾರ. ಬಣ್ಣ ಹೊಂದಿಸುವವನ ಗುರಿಯೂ ಇಷ್ಟೇ ಆಗಿದ್ದರೆ ಸಾಕು. ಸುಣ್ಣದ ಗಾರೆಯಲ್ಲಿ ಕಟ್ಟಿದ ಪುರಾತನ ಗೋಡೆಗೆ ಗಡುಸಾದ ಸಿಮೆಂಟು ಹೊಂದುವುದಿಲ್ಲ ಎಂಬುದನ್ನೂ ತಜ್ಞರು ಎಚ್ಚರಿಸುತ್ತಾರೆ. ಅಂಥ ಕಡೆ ಅವರ ಸಲಹೆಯಿಲ್ಲದೆ ಕೈಹಾಕಬಾರದು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಗಣಿಯಲ್ಲಿ ಹಿಂಸೆಯಿದೆ, ಕೃತಕ ಶಿಲೆಯಲ್ಲಿ ಅದಿಲ್ಲ. ಒಳ್ಳೆಯ ಉದ್ದೇಶಕ್ಕಾಗಿ ಸ್ವಲ್ಪ ಮೌನವಾಗಿದ್ದರೇನು? ಗಣಿಯ ಅಪಾಯ ಸುಳ್ಳಲ್ಲ. ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯ ಬಿಳಿಕಲ್ಲಿನ ಗಣಿಯಲ್ಲಿ 2022ರ ಮಾರ್ಚ್ ತಿಂಗಳಲ್ಲಿ ಗುಡ್ಡ ಕುಸಿದು ಕಾರ್ಮಿಕರು ಸತ್ತದ್ದನ್ನು ನಾವು ಮರೆತಿಲ್ಲ. ಆದರೆ ಎರಕದ ಶಿಲೆಗೂ ಮರಳು, ಜಲ್ಲಿ, ಸುಣ್ಣಕಲ್ಲು ಭೂಮಿಯಿಂದಲೇ ಬರಬೇಕು. ಸ್ಫಟಿಕಶಿಲೆಯ ಪುಡಿಯನ್ನು ರಾಳದೊಡನೆ ಒತ್ತಿ ಮಾಡುವ ಹಲಗೆಗಳನ್ನು ಕೊರೆಯುವಾಗ ಏಳುವ ಧೂಳಿನಿಂದ ಕೆಲಸಗಾರರ ಶ್ವಾಸಕೋಶ ಕೆಡುತ್ತದೆಂದು ಆಸ್ಟ್ರೇಲಿಯವು 2024ರ ಜುಲೈ 1ರಿಂದ ಅವನ್ನು ನಿಷೇಧಿಸಿದೆ. ಹಿಂಸೆಯನ್ನು ಕಡಮೆ ಮಾಡಬೇಕೆಂಬ ಇಚ್ಛೆ ನಿಜವಾಗಿದ್ದರೆ, ಅದನ್ನು ದಾನಿಗೆ ಬಾಯಿಬಿಟ್ಟು ಹೇಳಲು ಅಡ್ಡಿಯೇನಿದೆ?

ಆದ್ದರಿಂದ ಬಸದಿಗಳ ಹಾಗೂ ದೇಗುಲಗಳ ಟ್ರಸ್ಟುಗಳಿಗೆ ನನ್ನ ಬಿನ್ನಹ ಇಷ್ಟು. ಕೃತಕ ಶಿಲೆಯನ್ನು ಬಳಸುವುದಾದರೆ ಠರಾವಿನಲ್ಲಿ ಹಾಗೆಂದೇ ಬರೆಯಿರಿ. ದಾನಿಗೆ ಮಾದರಿಯನ್ನು ತೋರಿಸಿ, ವಸ್ತುವಿನ ಹೆಸರನ್ನು ತಿಳಿಸಿ ಒಪ್ಪಿಗೆ ಪಡೆಯಿರಿ. ಒಪ್ಪಿದ ಮಾದರಿಯ ಒಂದು ತುಂಡನ್ನೂ ಸಿಮೆಂಟು, ಪುಡಿ, ನೀರಿನ ತೂಕಗಳನ್ನು ಬರೆದ ಚೀಟಿಯನ್ನೂ ಕಚೇರಿಯಲ್ಲಿ ಇಡಿ. ಮುಂದೆ ದುರಸ್ತಿ ಮಾಡುವವರಿಗೆ ಅದೇ ಬಣ್ಣ ದೊರೆಯುವ ದಾರಿ ಅದು. ಬಿಲ್ಲನ್ನು ನೋಡಿ ತೆಗೆದುಕೊಳ್ಳಿ. ಸರಕು ಮತ್ತು ಸೇವಾ ತೆರಿಗೆಯ ಪಟ್ಟಿಯಲ್ಲಿ ಕೆತ್ತಿದ ಕಟ್ಟಡದ ಕಲ್ಲಿಗೆ 6802, ಸಿಮೆಂಟು ಹಾಗೂ ಕೃತಕ ಶಿಲೆಯ ವಸ್ತುಗಳಿಗೆ 6810 ಎಂದು ಬೇರೆ ಬೇರೆ ಸಂಖ್ಯೆಗಳಿವೆ. ಸರ್ಕಾರದ ಪಟ್ಟಿಯೇ ಮಾಡುವ ಭೇದವನ್ನು ವ್ರತಧಾರಿ ಮುಚ್ಚಿಡುವುದು ಶೋಭೆಯಲ್ಲ. ಕೊನೆಯದಾಗಿ, ಎರೆದ ಭಾಗದ ಒಂದು ಮೂಲೆಯಲ್ಲಿ ಇಸವಿಯನ್ನು ಒತ್ತಿಸಿ.

ಪುಣಿಸಮಯ್ಯನ ಕಾಲದವರು ಬಸದಿಯನ್ನು ಯಾರು ಕಟ್ಟಿಸಿದರು, ಯಾವಾಗ ಕಟ್ಟಿಸಿದರು ಎಂಬುದನ್ನು ಕಲ್ಲಿನಲ್ಲಿ ಬರೆಸಿಟ್ಟದ್ದರಿಂದ ಒಂಬೈನೂರು ವರ್ಷಗಳ ಬಳಿಕವೂ ನಮಗೆ ನಿಜ ತಿಳಿದಿದೆ. ನಾವು ಎರೆದದ್ದನ್ನು ಎರೆದದ್ದೆಂದು ಬರೆದಿಟ್ಟರೆ ಅದೂ ಶಾಸನವೇ. ಆ ವೃದ್ಧೆಯ ಮೆಟ್ಟಿಲುಗಳು ಈಗಲೂ ಅಲ್ಲಿವೆ. ಮರುವರ್ಷ ಅವುಗಳ ಬದಿಯಲ್ಲಿ ಸಣ್ಣ ಫಲಕವೊಂದನ್ನು ನನ್ನ ಖರ್ಚಿನಲ್ಲಿ ಹಾಕಿಸಿದೆ. ಅದರಲ್ಲಿ ಅವರ ಪತಿಯ ಹೆಸರಿದೆ, ಇಸವಿಯಿದೆ, ಮೆಟ್ಟಿಲು ಸಿಮೆಂಟಿನದೆಂದೂ ಚರಂಡಿಯೂ ಅದೇ ದಾನದ್ದೆಂದೂ ಬರೆದಿದೆ.