ಗೋಡೆ ಬೀಳುವ ಮೊದಲು

ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಲಾಗದೆ ಬೀದಿಗೆ ಬೀಳುವವರಿದ್ದಾರೆ. ನಮ್ಮ ಕರಾವಳಿಯಲ್ಲಿ ಮನೆ ಕಳೆಯುವುದು ಹೆಚ್ಚಾಗಿ ಮಳೆಯಿಂದ, ಇಲ್ಲವೇ ಆಸ್ಪತ್ರೆಯ ಸಾಲದಿಂದ. ಉಡುಪಿ ಜಿಲ್ಲೆಯ ಸಾಸ್ತಾನದ ಸುತ್ತಿನ ಕೋಡಿ ಕನ್ಯಾಣ, ಹಂಗಾರಕಟ್ಟೆ, ಪಾಂಡೇಶ್ವರದಂಥ ಊರುಗಳ ಹಳೆಯ ಹಂಚಿನ ಮನೆ ಒಂದೇ ದಿನ ಬೀಳುವಂಥದ್ದಲ್ಲ. ಮೊದಲು ನಾಲ್ಕು ಹಂಚು ಒಡೆಯುತ್ತವೆ. ಸೋರಿದ ನೀರಿಗೆ ರೀಪು, ಪಕಾಸು ಕುಂಬಾಗುತ್ತವೆ. ಮಾಡಿನ ಮೇಲೆ ಟರ್ಪಾಲು ಬರುತ್ತದೆ. ಎರಡು ಮೂರು ಮಳೆಗಾಲ ಕಳೆದು, ಒಂದು ಆಸಾಡಿ ರಾತ್ರಿ ಮಣ್ಣಿನ ಗೋಡೆ ಕುಸಿದಾಗ ಊರಿಗೆ ಸುದ್ದಿಯಾಗುತ್ತದೆ. ನೆರವು ಹೊರಡುವುದೂ ಆಗಲೇ. ನಮ್ಮ ದಾನದ ಚರಿತ್ರೆಯ ದೊಡ್ಡ ಕೊರತೆ ಇದು ಎಂಬುದು ನನ್ನ ವಾದ.

ಹಿಂದೆ ಗೇಣಿಯವನ ಮನೆ ಧಣಿಯ ಮರ್ಜಿಯ ಮೇಲೆ ನಿಂತಿತ್ತು. 1974ರ ಭೂಸುಧಾರಣೆ ತಿದ್ದುಪಡಿ ಒಕ್ಕಲಿಗೆ ಗದ್ದೆಯನ್ನಷ್ಟೇ ಕೊಡಲಿಲ್ಲ, ಗೇಣಿ ಜಾಗದಲ್ಲಿ ಬಿಡಾರ ಹೂಡಿದ್ದ ಕೃಷಿ ಕಾರ್ಮಿಕರ ಮನೆಗೂ ಹಕ್ಕಿನ ದಾರಿ ತೆರೆಯಿತು. ಮನೆ ತಪ್ಪುವುದನ್ನು ತಡೆದ ಕ್ರಮಗಳಲ್ಲಿ ಇದಕ್ಕೆ ಸಮನಾದುದು ಇನ್ನೊಂದಿಲ್ಲ. ಕಷ್ಟಕಾಲದ ಕಾಸಿಗೆ ಊರಿನ ಕುರಿ ಫಂಡು, ಕೈಗಡ ಇದ್ದವು. 1928ರಲ್ಲಿ ಸಿಂಡಿಕೇಟ್ ಬ್ಯಾಂಕು ಪಿಗ್ಮಿ ಠೇವಣಿ ಶುರುಮಾಡಿ ದಿನಕ್ಕೆ ಎರಡಾಣೆ ಉಳಿಸುವವನಿಗೂ ಒಂದು ಆಸರೆ ಕಟ್ಟಿತು. ದಾನದ ಹಣ ಸಂಘಟಿತವಾಗಿ ಮನೆಯ ಕಡೆ ತಿರುಗಿದ್ದು ಆಮೇಲೆ. 1975ರಲ್ಲಿ ಹುಟ್ಟಿದ ಉಡುಪಿಯ ಯಕ್ಷಗಾನ ಕಲಾರಂಗ 2005ರಲ್ಲಿ ಬಡ ವಿದ್ಯಾರ್ಥಿಗಳಿಗೆ ನೆರವಾಗುವ ವಿದ್ಯಾಪೋಷಕ್ ಆರಂಭಿಸಿತು. ಮಕ್ಕಳ ಸ್ಥಿತಿ ತಿಳಿಯಲು ಮನೆಗೆ ಹೋದ ಕಾರ್ಯಕರ್ತರಿಗೆ ಮಾಡೇ ಇಲ್ಲದ ಮನೆಗಳು ಕಂಡವು, ದಾನಿಗಳನ್ನು ಹುಡುಕಿ ಮನೆ ಕಟ್ಟಿಸುವ ಕೆಲಸ ಹೀಗೆ ಬೆಳೆಯಿತು. ಸಹಾಯಾರ್ಥ ಆಟ, ವಾಟ್ಸಾಪ್ ಮನವಿಗಳೂ ಸೇರಿಕೊಂಡವು. ಆದರೆ ಕೀಲಿಕೈ ಹಸ್ತಾಂತರಕ್ಕೆ ವೇದಿಕೆಯಿದೆ, ಫೋಟೋ ಇದೆ. ಪಕಾಸು ಬದಲಿಸಿದ್ದಕ್ಕೆ ಯಾರು ಹಾರ ಹಾಕುತ್ತಾರೆ?

ಮುಂಚಿನ ನೆರವು ಫಲ ಕೊಡುತ್ತದೆಯೇ? ಮನೆ ತಪ್ಪುವ ಭಯದಲ್ಲಿ ಷಿಕಾಗೊ ನಗರದ ಸಹಾಯವಾಣಿಗೆ ಕರೆ ಮಾಡಿದವರನ್ನು ಕುರಿತ ಅಧ್ಯಯನವೊಂದು 2016ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ನೆರವಿನ ನಿಧಿಯಲ್ಲಿ ಹಣವಿದ್ದ ದಿನ ಕರೆ ಮಾಡಿದವರು, ಇಲ್ಲದ ದಿನ ಕರೆ ಮಾಡಿದವರಿಗಿಂತ, ಆರು ತಿಂಗಳೊಳಗೆ ನಿರಾಶ್ರಿತರ ತಾಣ ಸೇರುವ ಸಾಧ್ಯತೆ ಶೇ. 76ರಷ್ಟು ಕಡಿಮೆಯಿತ್ತು. ಇದರಲ್ಲೇ ಒಂದು ಆಕ್ಷೇಪವೂ ಅಡಗಿದೆ: ಹಣ ಸಿಗದವರಲ್ಲೂ ಬಹುಪಾಲು ಮಂದಿ ಹೇಗೋ ನಿಭಾಯಿಸಿಕೊಂಡರು. ಹಾಗಾದರೆ ಬೀಳದ ಮನೆಗೂ ದುಡ್ಡು ಸುರಿದಂತಾಗದೇ? ನಗರದಲ್ಲಿ ಇದು ನಿಜವಾದ ತೊಡಕು. ನಮ್ಮಲ್ಲಿ ಅಷ್ಟಿಲ್ಲ, ಟರ್ಪಾಲು ರಸ್ತೆಗೇ ಕಾಣುತ್ತದೆ, ಬಿರುಕು ನೆರೆಮನೆಯವರಿಗೆ ಗೊತ್ತಿರುತ್ತದೆ. ಅಡವಿಟ್ಟ ಮನೆಗೆ ಬ್ಯಾಂಕು 2002ರ ಸರ್ಫೇಸಿ ಕಾಯ್ದೆಯಡಿ ನೋಟಿಸು ಕೊಟ್ಟರೂ 60 ದಿನ ಕಾಲಾವಕಾಶವಿದೆ. ಬಾಕಿ ಕಂತು ನೇರ ಬ್ಯಾಂಕಿಗೆ, ಮರದ ದುಡ್ಡು ನೇರ ಮರದ ಅಂಗಡಿಗೆ ಹೋದರೆ ದುರುಪಯೋಗದ ಭಯವೂ ತಗ್ಗುತ್ತದೆ.

ಇದೆಲ್ಲ ಸರಕಾರದ ಕೆಲಸವಲ್ಲವೇ ಎನ್ನುವವರ ಮಾತು ತಳ್ಳಿಹಾಕುವಂಥದ್ದಲ್ಲ. ಮೀನುಗಾರಿಕೆ ನಿಷೇಧದ 61 ದಿನಗಳ ಸಂಕಷ್ಟಕ್ಕೆಂದು ಮೀನುಗಾರ 1,500 ರೂ. ಕಟ್ಟಿದರೆ ಸರಕಾರ 3,000 ಸೇರಿಸಿ ಕೊಡುವ ಯೋಜನೆಯೇ ಇದೆ. ಅಂದರೆ ಮುಂಚಿತ ನೆರವಿನ ತತ್ವ ಸರಕಾರಕ್ಕೂ ಹೊಸತಲ್ಲ. ಮನೆಯ ವಿಷಯದಲ್ಲಿ ಮಾತ್ರ ಅದು ಕುಸಿತಕ್ಕೆ ಕಾಯುತ್ತದೆ. ಪೂರ್ತಿ ಬಿದ್ದ ಮನೆಗೆ ವಿಪತ್ತು ಪರಿಹಾರದ ಮಾರ್ಗಸೂಚಿಯಂತೆ 1.20 ಲಕ್ಷ ರೂ. ಇದೆ, ಬೀಳಲಿರುವ ಮನೆಗೆ ಅದರಲ್ಲಿ ಕಾಸಿಲ್ಲ. ಅಂಥ ಮನೆಗೂ ನೆರವನ್ನು ಪಂಚಾಯತ್‌ಗಳು ಕೇಳಿ ಪಡೆಯಬೇಕು. ಅಲ್ಲಿಯವರೆಗೆ ಯುವಕ ಮಂಡಲಗಳು, ಜಾತಿ ಸಂಘಗಳು, ಚರ್ಚು, ಮಸೀದಿ, ದೇವಸ್ಥಾನಗಳ ಸಮಿತಿಗಳು ಹೊಸ ಮನೆಗೆ ಎತ್ತುವ ಹಣದಲ್ಲಿ ಒಂದು ಪಾಲನ್ನು ರಿಪೇರಿಗೂ ಕಂತಿಗೂ ತೆಗೆದಿಡಲಿ. ಮಳೆಗಾಲಕ್ಕೆಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಮೊದಲೇ ಅದನ್ನು ಖರ್ಚುಮಾಡಿ ಮುಗಿಸಲಿ.